ಬರ್ತೀನಿ ಅನ್ನಬಾರದ ಊರು

ಪರದೇಶದಲ್ಲಿ ಒಂದು ವರ್ಷ ಇದ್ದು ಬಂದವನಿಗೆ ನಮ್ಮ ಜನ ಎರಡೇ ಪ್ರಶ್ನೆ ಕೇಳುತ್ತಾರೆ: ಊಟಕ್ಕೆ ಏನು ಮಾಡ್ತಿದ್ದೆ, ಚಳಿ ಎಷ್ಟಿತ್ತು. ಊಟ ನಾನು ಮಾಡುತ್ತಿರಲಿಲ್ಲ, ಹಂಚುತ್ತಿದ್ದೆ. ಚಳಿ ಬಾಗಿಲು ಹಾಕಿಕೊಳ್ಳುವ ಮನೆಗಳಲ್ಲಿ ಸಾಧಾರಣ, ನಾನಿದ್ದ ಮನೆಯಲ್ಲಿ ಅಸಾಧಾರಣ. ಇಷ್ಟು ಹೇಳಿದರೆ ಮೂರನೆಯ ಪ್ರಶ್ನೆ ತಾನಾಗಿ ಬರುತ್ತದೆ. ಅದಕ್ಕೆ ಉತ್ತರ ಕೊಂಚ ಉದ್ದ.

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಫೋನಿನಲ್ಲಿ ನಕಾಶೆ ತೆಗೆಯುತ್ತೀರಿ, ಊರು ಸಿಗದಿದ್ದರೆ ನನ್ನನ್ನು ಸುಳ್ಳ ಅನ್ನುತ್ತೀರಿ. ಗುಡ್ಡದ ನೆತ್ತಿಯಿಂದ ಸರೋವರದ ತನಕ ಮೆಟ್ಟಿಲುಮೆಟ್ಟಿಲಾಗಿ ಇಳಿದ ಊರು, ತೀರಾ ಕೆಳಗೆ ದೋಣಿ ನಿಲ್ಲುವ ಧಕ್ಕೆ ಎಂದರೆ ಸಾಕು. ನಾನಾಗ ಎಂ.ಎ. ಮುಗಿಸಿ, ಕಾಲೇಜು ದಿನಾಚರಣೆಗಳಲ್ಲಿ ಪ್ರಿನ್ಸಿಪಾಲರ ದನಿ ಮಾಡಿ ಚಪ್ಪಾಳೆ ಗಿಟ್ಟಿಸುವುದನ್ನೇ ಉದ್ಯೋಗ ಅಂದುಕೊಂಡಿದ್ದೆ. ಒಂದು ಸೇವಾಸಂಸ್ಥೆಯವರು ಮೂರು ತಿಂಗಳು ಅಲ್ಲಿಯ ಭಾಷೆ ಕಲಿಸಿ, ಎದೆಗೆ ಸ್ವಯಂಸೇವಕ ಎಂಬ ಬಿಲ್ಲೆ ಸಿಕ್ಕಿಸಿ ಕಳಿಸಿದರು. ಒಂಟಿಯಾಗಿರುವ ಮುದುಕರ ಮನೆಗಳಿಗೆ ಬಿಸಿ ಸಾರು, ರೊಟ್ಟಿ ತಲುಪಿಸುವ ಕೆಲಸ. ಉಳಿದ ಸಾರು ನನ್ನದು. ಸ್ವಯಂ ಸೇವಿಸುವವನೇ ಸ್ವಯಂಸೇವಕ ಎಂಬ ನನ್ನ ಮೊದಲ ಪನ್ನು ಮೊದಲ ದಿನವೇ ಹುಟ್ಟಿತು, ಕೇಳುವ ಕಿವಿಯಿಲ್ಲದೆ ಅಲ್ಲೇ ಸತ್ತಿತು. ಪರದೇಶಿ ಎಂಬ ಪದಕ್ಕೆ ಅನ್ಯದೇಶದವನು, ದಿಕ್ಕಿಲ್ಲದವನು ಎಂದು ಎರಡು ಅರ್ಥ ಯಾಕಿದೆ ಎಂದು ನನಗೆ ತಿಳಿದದ್ದು ಆಗ.

ಆ ಮೊದಲ ದಿನ ಮೇಲಿನ ಕೇರಿಯ ಮನೆಗಳಿಗೆಲ್ಲ ಹೋದೆ. ಸಾರು ಬಗ್ಗಿಸಿ ಕೊಟ್ಟೆ, ಕಲಿತ ನಾಲ್ಕು ಮಾತಾಡಿದೆ, ಹೊರಡುವಾಗ ಪ್ರತಿ ಹೊಸ್ತಿಲಲ್ಲೂ ನಮ್ಮ ಮನೆಯಲ್ಲಿ ಕಲಿಸಿದಂತೆ ಹೇಳಿದೆ: "ಬರ್ತೀನಿ." ಕನ್ನಡದಲ್ಲಲ್ಲ, ಅವರ ಭಾಷೆಗೆ ಪದಕ್ಕೆ ಪದ ತಿರುಗಿಸಿ. ಒಂದು ಮುದುಕಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಒಬ್ಬ ಮುದುಕ ಊರುಗೋಲು ಎತ್ತಿದ. ಪ್ರೀತಿಯಿಂದ ಬೀಳ್ಕೊಡುತ್ತಿದ್ದಾರೆ ಅಂದುಕೊಂಡು ನಾನೂ ಕೈ ಬೀಸಿದೆ.

ಸಂಜೆಗೆ ಅಡುಗೆಮನೆಯ ಮೇಲ್ವಿಚಾರಕ ಒಲ್ಗಾರ್ ಹುಡುಕಿಕೊಂಡು ಬಂದ. ಮೂಗಿನಿಂದ ಮಾತಾಡುವ ಮನುಷ್ಯ. ಅವನ ದನಿ ಎರಡನೇ ವಾರಕ್ಕೇ ನನಗೆ ಒಲಿಯಿತು. (ಅಲ್ಲಿಯವರ ಮಾತನ್ನೆಲ್ಲ ನಮ್ಮ ಕಡೆಯ ಮಾತಿನಲ್ಲೇ ಹೇಳುತ್ತೇನೆ. ಮೂಗು ಮಾತ್ರ ಅವರದೇ.)

"ಏನಯ್ಯಾ ಅಂದು ಬಂದೆ ಆ ಮುದುಕರಿಗೆ? ಮೇಲಿನ ಕೇರೀಲಿ ಒಂದು ಮನೆ ಬಾಗಿಲೂ ಹಾಕ್ಕೊತಾ ಇಲ್ಲ. ಚಳೀಲಿ ಹಲ್ಲು ಕಡೀತಾ ಕೂತಿದಾರೆ. ಹಲ್ಲಿಲ್ಲದವರು ಒಸಡು ಕಡೀತಿದಾರೆ!"

ಅಲ್ಲಿ ಹಾಗೆ. ತೆರೆದ ಬಾಗಿಲಿಗೆ ಕೇಳಿಸುವಂತೆ ಯಾರಾದರೂ ಬರ್ತೀನಿ ಅಂದರೆ, ಅಂದವನು ಆ ಮಾತು ನಡೆಸುವ ತನಕ ಕದ ಕದಲುವುದಿಲ್ಲ. ಎಳೆಯಬಹುದು, ತಳ್ಳಬಹುದು, ಬಡಗಿಯನ್ನು ಕರೆಸಬಹುದು. ನಾನು ಸಾರಿನ ಪಾತ್ರೆ ಕೆಳಗಿಟ್ಟು ಮತ್ತೆ ಗುಡ್ಡ ಹತ್ತಿದೆ. ಪ್ರತಿ ಮನೆಗೂ ಹೋಗಿ "ಬಂದೆ" ಅಂದೆ, ಬಾಗಿಲು ಸಡಿಲವಾಯಿತು, "ಹೋದೆ" ಅಂದೆ, ಮುಖದ ಮೇಲೆ ಧಡಾರನೆ ಹಾಕಿಕೊಂಡರು. ಮರುದಿನದಿಂದ ಊರಿನಲ್ಲಿ ನನ್ನ ಹೆಸರು ಬರ್ತೀನಿ. ನಮ್ಮ ಭಾಷೆಯಲ್ಲಿ ಅದಕ್ಕೇನಂತೀರಿ ಎಂದು ಕೇಳಿ ತಿಳಿದುಕೊಂಡು ಮಕ್ಕಳು ಕನ್ನಡದಲ್ಲೇ ಕೂಗುತ್ತಿದ್ದವು. ಬಾಗಿಲುಗಳಿಗೆ ಕನ್ನಡ ಬರುತ್ತಿರಲಿಲ್ಲ, ಹಾಗಾಗಿ ತೊಂದರೆಯಿರಲಿಲ್ಲ.

ಜನ ಇದಕ್ಕೆ ಹೊಂದಿಕೊಂಡಿದ್ದರು. ನೆಂಟರು ಹೊರಟರೆ ಸಿಹಿ ತಿಂಡಿಯೊಂದನ್ನು ಬಾಯಿಗೆ ತುರುಕುತ್ತಿದ್ದರು. ಬಾಯ್ತುಂಬ ಸಿಹಿ ಇದ್ದವನು ಏನನ್ನೂ ಅನ್ನಲಾರ. ಹಾಲಿನವಳು ನಾಳೆ ಬರ್ತೀನಿ ಅನ್ನುವುದಿಲ್ಲ, "ನಾಳೆ ಹಾಲಿರುತ್ತೆ" ಅನ್ನುತ್ತಾಳೆ. ಪ್ರೇಮಿಗಳು ಮಾತ್ರ ಕದ್ದುಮುಚ್ಚಿ ಪರಸ್ಪರರ ಮನೆಯ ಹಿಂಬಾಗಿಲಲ್ಲಿ ಆ ಪದವನ್ನು ಹೇಳುತ್ತಿದ್ದರು. ಮಗಳು ಯಾರನ್ನೋ ಇಷ್ಟಪಟ್ಟಿದ್ದಾಳೆ ಎಂದು ತಾಯಂದಿರಿಗೆ ಗೊತ್ತಾಗುತ್ತಿದ್ದದ್ದು ಹಿತ್ತಿಲ ಕಡೆಯಿಂದ ಗಾಳಿ ಬಂದಾಗ. ಒಮ್ಮೆ ಚುನಾವಣೆಗೆ ನಿಂತ ಹೊರಗಿನ ಮುಖಂಡನೊಬ್ಬ ಸಭಾಭವನದ ಬಾಗಿಲಲ್ಲಿ ಗೆದ್ದ ಮೇಲೆ ಬರ್ತೀನಿ ಅಂದುಬಿಟ್ಟನಂತೆ. ಗೆದ್ದ. ಸಭಾಭವನದಲ್ಲಿ ಈಗ ಕುರಿ ಕಟ್ಟುತ್ತಾರೆ.

ನನಗೆ ಕೊಟ್ಟ ಕೋಣೆ ಕೆಳಗಿನ ಕೇರಿಯಲ್ಲಿ, ತೆರೇಲಾ ಎಂಬಾಕೆಯ ಮನೆಯಲ್ಲಿ. ಐವತ್ತರ ಹತ್ತಿರದ ಗಟ್ಟಿ ಹೆಂಗಸು, ಕುರಿ ಉಣ್ಣೆಯ ಕೌದಿ ಹೊಲಿಯುತ್ತಿದ್ದಳು. ಆ ಮನೆಯ ಬಾಗಿಲು ಒಂಬತ್ತು ವರ್ಷದಿಂದ ತೆರೆದೇ ಇತ್ತು. ತೆರೇಲಾ ಮನೆ, ತೆರೆ ಎಲ್ಲಾ ಮನೆ! ಇಂಥ ಪನ್ನು ಜೀವಮಾನದಲ್ಲಿ ಒಮ್ಮೆ ಸಿಗುತ್ತದೆ. ಸಿಕ್ಕಿತು, ಅದೂ ಕನ್ನಡದ ಗಾಳಿ ಸೋಕದ ಊರಿನಲ್ಲಿ. ನಾನು ಅವಳನ್ನು ತೆರೇಲಕ್ಕ ಎಂದು ಕರೆದೆ. ಅಕ್ಕ ಅಂದರೇನು ಎಂದಳು. ಬೈದರೂ ಊಟ ಹಾಕುವವಳು ಎಂದೆ. ಇರಲಿ ಎಂದಳು.

ಅವಳ ಗಂಡ ಗೋರನ್, ವಾಲಗದ ಮೇಳದಲ್ಲಿ ಕೊಳಲೂದುವವನು, ಒಂದು ಬೆಳಿಗ್ಗೆ ಮೇಳದ ಜೊತೆ ದೋಣಿ ಹತ್ತಿ ಹೋದವನು ಮತ್ತೆ ಬಂದಿರಲಿಲ್ಲ. ಕಾಗದವಿಲ್ಲ, ಸುದ್ದಿಯಿಲ್ಲ. ಬಾಗಿಲು ಮಾತ್ರ ಇತ್ತು. "ಬರ್ತೀನಿ ಅಂದು ಹೋಗಿದಾನೆ, ಬಾಗಿಲೇ ಹೇಳ್ತಿದೆಯಲ್ಲ," ಎಂದು ಊರು ಅನ್ನುತ್ತಿತ್ತು. ತೆರೇಲಾ ಬೆಳಕಿಗೆ ಒಂದು ಬದಿ ಬಿಟ್ಟು ಬಾಗಿಲಿಗೆ ಮೂರು ಪದರದ ಕೌದಿ ಇಳಿಬಿಟ್ಟಿದ್ದಳು. ಗಾಳಿಗೆ ಅದು ಹಾರಿದಾಗಲೆಲ್ಲ ಬೀದಿಯವರು ಒಳಗೆ ಇಣುಕಿ, "ತೆರೇಲಾ, ಒಲೆ ಮೇಲಿರೋದು ಸೀಯ್ತಾ ಇದೆ," ಅನ್ನುತ್ತಿದ್ದರು. ಬೇಯುತ್ತಿರುವುದು ಏನು, ನಾನು ಯಾವ ಬಣ್ಣದ ಒಳಅಂಗಿ ಒಣಹಾಕಿದ್ದೇನೆ, ಎಲ್ಲ ಊರಿಗೆ ಗೊತ್ತು. ಮೀನು ತರಲು ಧಕ್ಕೆಗೆ ನನ್ನನ್ನೇ ಕಳಿಸುತ್ತಿದ್ದಳು. ಗೋರನ್ ದೋಣಿ ಹತ್ತಿದ ದಿನದಿಂದ ಅವಳು ಆ ದಿಕ್ಕಿಗೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ನಮ್ಮ ಅಜ್ಜಿಯ ಈ ನುಡಿಗಟ್ಟು ಅಕ್ಷರಶಃ ನಿಜವಾದದ್ದನ್ನು ನಾನು ಕಂಡದ್ದು ಅಲ್ಲೇ: ಮಂಚವನ್ನೇ ತಿರುಗಿಸಿ ಹಾಕಿದ್ದಳು.

ಎದುರುಮನೆಯ ಪಾವ್ಲೋ ರೊಟ್ಟಿ ಸುಡುವವನು, ಹೆಂಡತಿ ತೀರಿಕೊಂಡವನು. ದಿನಾ ಮಧ್ಯಾಹ್ನ ಒಲೆ ಆರಿದ ಮೇಲೆ ಉಳಿದ ರೊಟ್ಟಿ ಹಿಡಿದುಕೊಂಡು ಬಂದು ಹೊಸ್ತಿಲ ಹೊರಗೇ ನಿಂತು ಮಾತಾಡುತ್ತಿದ್ದ. ಉಳಿದ ರೊಟ್ಟಿ ಅಂತ ಹೆಸರು, ಅದರ ಮೇಲೆ ಎಳ್ಳು ಮಾತ್ರ ದಿನದಿನಕ್ಕೆ ಜಾಸ್ತಿಯಾಗುತ್ತಿತ್ತು. ಮದುವೆಯಾಗೋಣ ಅಂದಿದ್ದನಂತೆ. ತೆರೇಲಾಗೂ ಮನಸ್ಸಿತ್ತು. ತೊಡಕು ಬಾಗಿಲಿನದು.

"ನಾನು ನಸುಕಿಗೆ ಮುಂಚೆ ಎದ್ದು ಒಲೆ ಹಚ್ಚೋನು, ಮಧ್ಯಾಹ್ನ ಮಲಗಬೇಕು," ಎಂದು ನನ್ನೆದುರಿಗೇ ಹೇಳಿದ. "ಊರೆಲ್ಲ ಬಂದು ನೋಡ್ಕೊಂಡು ಹೋಗಕ್ಕೆ ನಾನೇನು ಹೆಣಾನಾ?"

"ಕೌದಿ ಇನ್ನೊಂದು ಪದರ ಹಾಕ್ತೀನಿ," ಎಂದಳು ತೆರೇಲಾ.

"ಕೌದಿ ಮಾತಲ್ಲ ಕಣೇ. ಆ ಬಾಗಿಲು ಅವನಿಗೋಸ್ಕರ ತೆಕ್ಕೊಂಡು ನಿಂತಿದೆ. ನಾನೆಲ್ಲಿಂದ ಬರಲಿ? ಕಿಟಕಿಯಿಂದನಾ?"

ಅವನು ಹೋದ ಮೇಲೆ ಅವಳು ಬಹಳ ಹೊತ್ತು ಸೂಜಿಗೆ ದಾರ ಪೋಣಿಸಿದಳು. ಆಮೇಲೆ ನನ್ನತ್ತ ನೋಡದೆ ಕೇಳಿದಳು: "ನೀನು ಒಲ್ಗಾರನ ಹಂಗೆ ಮಾತಾಡ್ತೀಯಂತೆ. ಸತ್ತೋಗಿರೋ ಪಾದ್ರಿ ಹಂಗೂ ಮಾತಾಡಿದೆಯಂತೆ, ಅವರ ನಾಯಿ ಬಂದು ಬಾಲ ಅಲ್ಲಾಡಿಸ್ತಂತೆ?"

"ಪಾದ್ರೀದು ಕೇಳಿದವರು ಹೇಳ್ಕೊಟ್ಟಿದ್ದು ತೆರೇಲಕ್ಕ."

"ಹಂಗಾದ್ರೆ ಗೋರನ್‌ದೂ ಹೇಳ್ಕೊಡ್ತೀನಿ. ಹೊಸ್ತಿಲಲ್ಲಿ ನಿಂತು ಅವನ ಹಂಗೆ 'ಬಂದೆ' ಅನ್ನು. ನಾಯಿಗೆ ಗೊತ್ತಾಗ್ಲಿಲ್ಲ ಅಂದ್ರೆ ಮರಕ್ಕೆ ಗೊತ್ತಾಗುತ್ತಾ?"

ಪಾಠ ಶುರುವಾಯಿತು. ಬೆಳಗಿನ ಸಾರಿನ ಕೆಲಸ ಮುಗಿದ ಮೇಲೆ ನಾನು ಹೊಸ್ತಿಲಲ್ಲಿ, ಅವಳು ಕೌದಿ ಹಿಡಿದು ಒಳಗೆ. ಗೋರನ್ ಮಾತಿನ ತುದಿಯನ್ನು ನುಂಗುತ್ತಿದ್ದನಂತೆ. ನುಂಗಿದೆ. ಅಷ್ಟಲ್ಲ, ಅವನೇನು ಹಸಿದಿರಲಿಲ್ಲ ಎಂದಳು. ಅವನ ದನಿ ಎದೆಯಿಂದ ಬರುತ್ತಿತ್ತಂತೆ. ಎದೆಯಿಂದ ತೆಗೆದೆ. ಕೆಮ್ಮಿದ ಹಾಗಿದೆ ಎಂದಳು. ಬೀದಿಯವರೂ ಪಾಠಕ್ಕೆ ಸೇರಿಕೊಂಡರು. ಹಾಲಿನವಳ ಪ್ರಕಾರ ಗೋರನ್‌ನದು ಕೀರಲು ದನಿ. ಒಲ್ಗಾರನ ಪ್ರಕಾರ ಅವನು ಮೂಗಿನಿಂದ ಮಾತಾಡುತ್ತಿದ್ದ. ಒಲ್ಗಾರನ ಕಿವಿಗೆ ಲೋಕವೆಲ್ಲ ಮೂಗಿನಿಂದಲೇ ಮಾತಾಡುತ್ತದೆ. ಒಬ್ಬ ಮನುಷ್ಯ ಹೋಗುವಾಗ ಕೇಳಿದವರಿಗೊಂದೊಂದು ದನಿ ಬಿಟ್ಟುಹೋಗುತ್ತಾನೆ, ಒಂದೂ ಇನ್ನೊಂದಕ್ಕೆ ತಾಳೆಯಾಗುವುದಿಲ್ಲ. ನಾನು ತೆರೇಲಾಳದನ್ನೇ ಹಿಡಿದೆ. ಮಾದರಿಗೆ ಅವಳು ಅವನ ಹಾಗೆ ಒಂದು ವಾಕ್ಯ ಹೇಳಿ ತೋರಿಸುತ್ತಿದ್ದಳಲ್ಲ, ಆಗ ನನ್ನ ಮೈ ಜುಮ್ಮೆನ್ನುತ್ತಿತ್ತು. ನಾನು ಕಂಡ ಮಿಮಿಕ್ರಿಯವರಲ್ಲಿ ಅವಳು ಮೇಲು. ಒಂದು ಮಧ್ಯಾಹ್ನ ನಾನು "ತೆರೇಲಾ" ಎಂದು ಕರೆದದ್ದಕ್ಕೆ ಅವಳು ಕೈಲಿದ್ದ ಸೂಜಿ ಕೆಳಗೆ ಹಾಕಿ, "ಎಷ್ಟೊತ್ತು ಮಾಡಿದೆ," ಎಂದಳು. ಆಮೇಲೆ ಇಬ್ಬರೂ ಸೂಜಿ ಹುಡುಕಿದೆವು.

ಪರೀಕ್ಷೆಯ ದಿನ ಬೀದಿ ತುಂಬಿತ್ತು. ಪಾವ್ಲೋ ಹಿಟ್ಟಿನ ಕೈ ಒರೆಸಿಕೊಳ್ಳದೆ ಬಂದಿದ್ದ. ನಾನು ಗೋರನ್‌ನ ಹಾಗೆ ಭುಜ ಒಂದಿಷ್ಟು ಇಳಿಬಿಟ್ಟು, ಹೊಸ್ತಿಲು ಮೆಟ್ಟಿ, ಮಾತಿನ ತುದಿ ನುಂಗಿ ಹೇಳಿದೆ: "ಬಂದೆ, ತೆರೇಲಾ."

ಬೀದಿಯಲ್ಲಿ ಯಾರೋ ಅಯ್ಯೋ ಎಂದರು. ಹಾಲಿನವಳು ಕಣ್ಣೊರೆಸಿಕೊಂಡಳು. ಕದ ಕದಲಲಿಲ್ಲ. ಇನ್ನೊಮ್ಮೆ ಅಂದೆ. ಮತ್ತೊಮ್ಮೆ. ನಾಲ್ಕನೆಯ ಸಲಕ್ಕೆ ಒಂದು ಮಗು ನನ್ನ ಹಾಗೇ ಅಂದಿತು, ಎಲ್ಲರೂ ನಕ್ಕರು. ಪಾವ್ಲೋ ನಗಲಿಲ್ಲ. "ಒಲೆ ಹಾಗೇ ಬಿಟ್ಟು ಬಂದಿದೀನಿ," ಎಂದು ಹೊರಟುಹೋದ. ಆ ಮಧ್ಯಾಹ್ನ ರೊಟ್ಟಿ ಬರಲಿಲ್ಲ. ಮರುದಿನವೂ ಬರಲಿಲ್ಲ.

"ಎಲ್ಲೋ ತಪ್ಪಿದೆ," ಎಂದಳು ತೆರೇಲಾ ಮೂರನೆಯ ದಿನ. "ಬರೀ ದನಿ ಸಾಲದೇನೋ. ಅವತ್ತು ಹೆಂಗಾಯ್ತೋ ಹಂಗೇ ಮೊದಲಿಂದ ಮಾಡೋಣ. ನೀನು ಹೊರಡು. ಹೊರಟು ಆಮೇಲೆ ಬಾ."

ಒಲೆ ಹಚ್ಚಿ ಹಾಲಿಟ್ಟಳು. ಅವತ್ತೂ ಹಾಲಿಟ್ಟಿದ್ದಳಂತೆ. ಬೀದಿಯಲ್ಲಿ ಯಾರೂ ಇರಲಿಲ್ಲ. ನಾನು ಕೊಳಲಿನ ಚೀಲದ ಬದಲು ಸಾರಿನ ಸೌಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊಸ್ತಿಲಲ್ಲಿ ನಿಂತೆ.

"ಹೊರಟೆ, ತೆರೇಲಾ," ಎಂದೆ ಗೋರನ್ ಆಗಿ.

"ಒಂದ್ ನಿಮಿಷ ಇರು. ಹಾಲು ಉಕ್ಕೋಕೆ ಬರ್ತಿದೆ," ಎಂದಳು ಅವಳು, ಒಂಬತ್ತು ವರ್ಷ ಚಿಕ್ಕವಳಾಗಿ, ಒಲೆಯತ್ತ ನೋಡುತ್ತ.

ಮುಂದಿನ ಮಾತು ಅವಳೇ ಹೇಳಿಕೊಟ್ಟಿದ್ದಳು: "ದೋಣಿ ಕಾಯಲ್ಲ ಕಣೇ."

"ಸರಿ, ನೀನು ಮುಂದೆ ನಡಿ. ಧಕ್ಕೆ ತನಕ ಬರ್ತೀನಿ."

ನಾನು ನನ್ನ ಮುಂದಿನ ಮಾತಿಗೆ ಕಾದೆ. ಅವಳು ಹೇಳಿಕೊಡಲಿಲ್ಲ. ಒಲೆಯತ್ತ ತಿರುಗಿದವಳು ಹಾಗೇ ನಿಂತಿದ್ದಳು.

"ಆಮೇಲೆ ನಾನೇನನ್ಬೇಕು ತೆರೇಲಕ್ಕ?" ಎಂದು ನನ್ನ ದನಿಯಲ್ಲೇ ಕೇಳಿದೆ.

ಹಾಲು ಉಕ್ಕಿತು, ಒಲೆ ಚುಂಯ್ ಎಂದಿತು. ಅವಳು ಪಾತ್ರೆ ಇಳಿಸಲಿಲ್ಲ.

"ಏನೂ ಇಲ್ಲ," ಎಂದಳು. "ಅವನೇನೂ ಅನ್ನಲಿಲ್ಲ. ಹೋದ. ಹಾಲು ಉಕ್ಕಿ ನೆಲ ಎಲ್ಲ ಆಗಿತ್ತು, ನಾನು ಒರೆಸ್ತಾ ಕೂತೆ. ಎದ್ದು ನೋಡೋಷ್ಟರಲ್ಲಿ ದೋಣಿ ಸಿಳ್ಳೆ ಕೇಳಿಸ್ತು. ರಾತ್ರಿ ಬಾಗಿಲು ಹಾಕ್ಕೊಳ್ಳಲಿಲ್ಲ. ಹಂಗಾದ್ರೆ ಅವನು ಅಂದೇ ಇರಬೇಕು, ನನಗೇ ಕೇಳಿಸಿರಲ್ಲ ಅಂದ್ಕೊಂಡೆ. ಇನ್ನೇನಂದ್ಕೊಳ್ಳಲಿ?"

ನನಗೆ ಆಗ ಹೊಳೆದದ್ದನ್ನು ಹೇಳಬೇಕೋ ಬಾರದೋ ಎಂದು ಸ್ವಲ್ಪ ಯೋಚಿಸಿದೆ. ನಾನು ಬಾಯಿಗೆ ಬಂದ ಪನ್ನನ್ನು ನುಂಗಿದ ದಾಖಲೆಯಿಲ್ಲ. "ತೆರೇಲಕ್ಕ, ನಮ್ಮ ಭಾಷೇಲಿ ಬರ್ತೀನಿ ಅಂತ ಅನ್ನೋದು ಬರೋರಲ್ಲ, ಹೋಗೋರು. ಮನೆಯಿಂದ ಆಚೆ ಕಾಲಿಡೋರು."

ಅವಳು ನನ್ನ ಮುಖ ನೋಡಿದಳು. ಆಮೇಲೆ ಬಾಗಿಲು ನೋಡಿದಳು. ಬಾಗಿಲು ಇಷ್ಟು ವರ್ಷ ಯಾರನ್ನೋ ಒಳಗೆ ಕರೆಯಲು ನಿಂತಿದೆ ಎಂದು ಊರಿಗೆ ಊರೇ ತಿಳಿದಿತ್ತು, ಅದು ಕಾದಿದ್ದು ಅವಳು ಹೊರಗೆ ಹೋಗುವುದನ್ನು.

"ನಿಮ್ಮ ಊರಲ್ಲಿ ಬಾಗಿಲುಗಳು ಹೆಂಗೋ ಬದುಕ್ತವೆ?" ಎಂದಳು ಕೊನೆಗೆ.

ಅವಳು ಅಂದೇ ಹೊರಟಳು ಎಂದು ಹೇಳಿದರೆ ಕಥೆಗೆ ಚೆನ್ನ. ಹೊರಡಲಿಲ್ಲ. ಉಕ್ಕಿದ ಹಾಲು ಒರೆಸಿದಳು, ಕೌದಿ ಹೊಲಿದಳು, ಯಾರಿಗೂ ಹೇಳಬೇಡ ಎಂದಳು. ವಾರ ಕಳೆಯಿತು. ಧಕ್ಕೆಗೆ ಇಳಿದರೆ ಬಾಗಿಲು ಮುಚ್ಚುತ್ತದೆ, ಪಾವ್ಲೋ ಬರಬಹುದು, ಅವಳಿಗೆ ಗೊತ್ತಿತ್ತು. ಮುಚ್ಚಿದರೆ ಗೋರನ್ ಬರ್ತೀನಿ ಅಂದೇ ಇರಲಿಲ್ಲ ಎಂಬುದೂ ಊರಿಗೆಲ್ಲ ಗೊತ್ತಾಗುತ್ತದೆ, ಊರಿಗೆ ಗೊತ್ತಾದರೆ ತನಗೂ ಗೊತ್ತಾಗಿಬಿಡುತ್ತದೆ. ಒಂಬತ್ತು ವರ್ಷ ಆ ಮನೆಗೆ ಬೆಳಕು ಬಂದದ್ದು ಆ ಬಾಗಿಲಿನಿಂದಲೇ. ಧಕ್ಕೆಗೆ ಹೋಗದಿದ್ದರಿಂದ ಆದ ಧಕ್ಕೆ ಎಂದು ನನ್ನ ನಾಲಗೆಯ ತುದಿಯಲ್ಲಿತ್ತು. ಅದೊಂದನ್ನು ನುಂಗಿದೆ. ಮಾತಿನ ತುದಿ ನುಂಗುವುದು ಅಷ್ಟರಲ್ಲಿ ಅಭ್ಯಾಸವಾಗಿತ್ತು.

ಸರೋವರದ ಅಂಚು ಹೆಪ್ಪುಗಟ್ಟಿದ ಬೆಳಿಗ್ಗೆ ನಾನು ಸಾರಿನ ಪಾತ್ರೆ ತೊಳೆಯುತ್ತಿದ್ದಾಗ ಅವಳು ಚರ್ಮದ ಬೂಟು ಹಾಕಿಕೊಂಡು ಬಂದು ನಿಂತಳು. "ಮೀನು ತರಬೇಕು. ನೀನು ತರೋ ಮೀನಿಗೆ ಕಣ್ಣೇ ಇರಲ್ಲ, ಹಳೇದು ಕಟ್ತಾರೆ ನಿನಗೆ. ನಡಿ."

ಇಬ್ಬರೂ ಮೆಟ್ಟಿಲಿಳಿದೆವು. ಅವಳನ್ನು ಆ ಹಾದಿಯಲ್ಲಿ ಕಂಡವರು ಮಾತು ನಿಲ್ಲಿಸಿದರು. ಧಕ್ಕೆಯಲ್ಲಿ ಮೀನಿನ ಬುಟ್ಟಿಗಳು, ಕಾಗೆಯಂಥ ಬಿಳಿ ಹಕ್ಕಿಗಳು, ಆಗಷ್ಟೇ ಬಂದು ನಿಂತ ದೋಣಿ. ಜನ ಇಳಿಯುತ್ತಿದ್ದರು. ಅವಳು ಅವರ್ಯಾರ ಮುಖವನ್ನೂ ನೋಡಲಿಲ್ಲ. ಹಲಗೆ ಮುಗಿದು ನೀರು ಶುರುವಾಗುವ ತನಕ ನಡೆದು, ಬೂಟಿನ ತುದಿ ಆ ಅಂಚಿಗೆ ಸರಿಯಾಗಿ ತಾಗಿಸಿ ನಿಂತು, "ಬಂದೆ," ಎಂದಳು. ಜೋರಾಗಿ ಅಲ್ಲ, ಪಿಸುಮಾತೂ ಅಲ್ಲ. ಪಕ್ಕದ ಮನೆಗೆ ಮಜ್ಜಿಗೆ ಕೇಳಲು ಹೋದವರ ಹಾಗೆ. ದೋಣಿ ಸಿಳ್ಳೆ ಹಾಕಿ ಹೊರಟಿತು. ಆಮೇಲೆ ಮೀನಿನವನ ಜೊತೆ ಜಗಳವಾಡಿ ಎರಡು ಮೀನು ಹೆಚ್ಚು ಹಾಕಿಸಿಕೊಂಡಳು.

ವಾಪಸ್ಸು ಬಂದಾಗ ಬೀದಿಯವರೆಲ್ಲ ಮನೆ ಮುಂದೆ ಇದ್ದರು. ಧಡ್ ಎಂದು ಸದ್ದಾಗಿತ್ತಂತೆ, ಬೀಸಿದ ಗಾಳಿಗೆ ಒಲ್ಗಾರನ ಟೋಪಿ ಹಾರಿತ್ತಂತೆ. ಬಾಗಿಲು ಮುಚ್ಚಿತ್ತು. ಮೂರು ಪದರದ ಕೌದಿ ಅರ್ಧ ಒಳಗೆ ಅರ್ಧ ಹೊರಗೆ ಸಿಕ್ಕಿಕೊಂಡಿತ್ತು. ತೆರೇಲಾ ಮೀನು ನನ್ನ ಕೈಗೆ ಕೊಟ್ಟು ಬಾಗಿಲು ತಳ್ಳಿದಳು. ತೆರೆಯಲಿಲ್ಲ. ಮುಚ್ಚಿದ ರಭಸಕ್ಕೆ ಒಳಗಡೆ ಚಿಲಕ ಬಿದ್ದಿತ್ತು.

"ಕಳ್ಳರಿಗೂ ತೆರೆದಿದ್ದ ಮನೆ," ಎಂದಳು, "ನನಗೇ ಹಾಕ್ಕೊಂತಲ್ಲೋ!" ಮೆಟ್ಟಿಲ ಮೇಲೆ ಕುಕ್ಕರಿಸಿ ನಕ್ಕಳು. ನಗು ಬಹಳ ಹೊತ್ತು ನಡೆಯಿತು, ನಡುವೆ ಎಲ್ಲೋ ಅದು ನಗುವಾಗಿ ಉಳಿಯಲಿಲ್ಲ. ಹಾಲಿನವಳು ಪಕ್ಕ ಕೂತಳು. ಯಾರೂ ಏನೂ ಕೇಳಲಿಲ್ಲ. ಎಲ್ಲಿಂದ ಬರುತ್ತಿದ್ದಾಳೆ ಎಂದು ಎಲ್ಲರಿಗೂ ಗೊತ್ತಿತ್ತು, ಕೈಲಿ ಮೀನಿತ್ತಲ್ಲ.

ಕಿಟಕಿಯಿಂದ ಹತ್ತಿ ಒಳಗಿಳಿದವನು ನಾನು. ಚಿಲಕ ತೆಗೆದೆ. ಅವಳು ಒಳಗೆ ಬಂದು, ಕೌದಿಯನ್ನು ಕಿತ್ತು ಮೂಲೆಗೆಸೆದು, ಬಾಗಿಲನ್ನು ಮೆತ್ತಗೆ ಮುಚ್ಚಿದಳು, ತೆರೆದಳು, ಮತ್ತೆ ಮುಚ್ಚಿದಳು. ಮನೆ ಕತ್ತಲಾಯಿತು. "ಇಷ್ಟು ಕತ್ತಲೆ ಇತ್ತಾ ಈ ಮನೇಲಿ?" ಎಂದಳು. ದೀಪ ಹಚ್ಚಿ ಮೀನು ತೊಳೆಯಲು ಕೂತೆವು.

ಆಗ ಬಾಗಿಲು ತಟ್ಟಿದ ಸದ್ದಾಯಿತು. ಅವಳ ಕೈ ನಿಂತಿತು. ಆ ಮನೆಯಲ್ಲಿ ಒಂಬತ್ತು ವರ್ಷದಿಂದ ಯಾರೂ ಬಾಗಿಲು ತಟ್ಟಿರಲಿಲ್ಲ. ನಾನು ಏಳಲು ಹೋದೆ, ಮೀನಿನ ಕೈಯಲ್ಲೇ ನನ್ನ ತೋಳು ಹಿಡಿದು ಕೂರಿಸಿದಳು. ಇನ್ನೊಮ್ಮೆ ತಟ್ಟಿದರು. ಅವಳು ಕಿವಿಯಾನಿಸಿ ಕೂತಳು. ಮೂರನೆಯ ಸಲ ತಟ್ಟಿದ ಮೇಲೆ, ಎಷ್ಟೋ ಕಾಲದಿಂದ ಕೇಳಬೇಕೆಂದಿದ್ದದ್ದನ್ನು ಕೇಳಿದಳು: "ಯಾರೂ?"

"ನಾನು ಕಣೇ, ಪಾವ್ಲೋ."

"ಏನ್ ಬೇಕು?"

"ರೊಟ್ಟಿ... ಉಳಿದಿತ್ತು."

"ಬಿಸಿ ಇದೆಯಾ?"

"ಇದೆ."

"ಉಳಿದಿದ್ದು ಹೆಂಗಯ್ಯಾ ಬಿಸಿ ಇರುತ್ತೆ?" ಎನ್ನುತ್ತ ಎದ್ದು, ಕೈಯನ್ನು ನನ್ನ ಅಂಗಿಗೆ ಒರೆಸಿ, ಚಿಲಕ ತೆಗೆದಳು.

ವರ್ಷ ಮುಗಿದು ನಾನು ಹೊರಟ ದಿನ ತೆರೇಲಕ್ಕ ಧಕ್ಕೆಯ ತನಕ ಬಂದಳು. ಹಾಲಿಡುವುದನ್ನು ಪಾವ್ಲೋಗೆ ಒಪ್ಪಿಸಿದ್ದಳು. ಊರಿನ ಕ್ರಮದಂತೆ ನನ್ನ ಬಾಯಿಗೆ ಸಿಹಿ ತುರುಕಿದಳು. ನಾನು ಕಷ್ಟಪಟ್ಟು ನುಂಗಿ, "ಹೋದೆ, ತೆರೇಲಕ್ಕ," ಎಂದೆ. ನಮ್ಮ ಅಜ್ಜಿ ಕೇಳಿದ್ದರೆ ಬಾಯಿಗೆ ಬಡಿಯುತ್ತಿದ್ದಳು.

"ನಿನ್ನ ಭಾಷೇಲಿ ಅನ್ನು," ಎಂದಳು. "ಇಲ್ಲಿ ಬಾಗಿಲೆಲ್ಲಿದೆ, ಬರೀ ನೀರು."

"ಬರ್ತೀನಿ," ಎಂದೆ.

ಅವಳು ತಲೆ ಕೊಂಚ ವಾರೆ ಮಾಡಿ, ನನ್ನದೇ ದನಿಯಲ್ಲಿ, ನನಗೇ ಗೊತ್ತಿಲ್ಲದ ನನ್ನ ಒಂದು ಉಗುಳು ನುಂಗುವ ಅಭ್ಯಾಸದ ಸಮೇತ, ಅಂದಳು: "ಬರ್ತೀನಿ." ದೋಣಿಯವನು ನಕ್ಕ. ಅವಳು ನಗಲಿಲ್ಲ.

ಊರಿಗೆ ಬಂದ ಮೇಲೆ ನಮ್ಮ ಮನೆಯ ಮುಂಬಾಗಿಲು ಸರಿಯಾಗಿ ಕೂರುತ್ತಿಲ್ಲ. ಮಳೆಗೆ ಮರ ಊದಿಕೊಂಡಿದೆ ಎಂದು ಅಪ್ಪ ಬಡಗಿ ಈರಾಚಾರಿಗೆ ಹೇಳಿ ಬಂದರು. ಅವನು ಹೊಸ್ತಿಲ ತನಕ ಬಂದು, ಕದ ಎಳೆದು ನೋಡಿ, ಉಳಿ ತಂದಿಲ್ಲ ಸ್ವಾಮಿ, ನಾಳೆ ಬರ್ತೀನಿ ಅಂದು ಹೋದ. ಮೂರು ವಾರವಾಯಿತು.